ಕಲ್ಲಿನ ಕೆಳಗೆ ಒಂದು ರಾತ್ರಿ

ಕತ್ತರಿಸುವ ಹಲಗೆಯ ಮೇಲಿದ್ದ ಫೋನು ಮತ್ತೆ ಗುರ್ರೆಂದಿತು. ನಡುಗುತ್ತ ನಡುಗುತ್ತ ಸರಿದು ಅಂಟಿನ ಡಬ್ಬಿಗೆ ತಾಗಿ ನಿಂತಿತು. ಬೈಂಡರಜ್ಜ ಅದನ್ನೇ ನೋಡುತ್ತ ಕೂತಿದ್ದ, ಕೈ ಚಾಚಲಿಲ್ಲ. ಫೋನು ಹೆಂಡತಿಯದು. ಹಿಂದಿನ ರಾತ್ರಿ ಎದೆ ಹಿಡಿದುಕೊಂಡಿದೆ ಎಂದು ತಾನೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟವಳು, ಬೆಳಗಾಗುವುದರೊಳಗೆ ಹೋಗಿಬಿಟ್ಟಿದ್ದಳು. ಮಹಡಿಯ ಮೇಲಿನ ಮನೆಯಲ್ಲಿ ನೆಂಟರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಲ್ಲಿ ಕೂರಲಾರದೆ ಅಜ್ಜ ಕೆಳಗೆ ತನ್ನ ಪುಸ್ತಕ ಬೈಂಡಿಂಗ್ ಕೋಣೆಗೆ ಇಳಿದು ಬಂದಿದ್ದ.

ಮಗಳು ಹಿಂದೆಯೇ ಬಂದು ಫೋನನ್ನು ಎತ್ತಿಕೊಂಡಳು. ಅವಳ ಕಣ್ಣು ಊದಿದ್ದವು.

"ಕೇಳ್ಮೆಯವರು ಅಪ್ಪ. ಅಕ್ಕ ಇವತ್ತು ಯಾಕೆ ಗೇಟು ತೆಗೆದಿಲ್ಲ, ಹುಷಾರಿಲ್ವಾ ಅಂತ ಒಬ್ಬೊಬ್ಬರಾಗಿ ಕೇಳ್ತಿದಾರೆ."

"ಇದ್ದದ್ದು ಹೇಳಮ್ಮ."

"ಏನಂತ ಬರೀಲಿ?"

"ಅಕ್ಕ ಇಲ್ಲ ಅಂತ ಬರಿ. ದೇವರು ಕರ್ಕೊಂಡ ಅಂತ ಬರಿ. ಜಾಸ್ತಿ ಬೇಡ."

ಅವಳು ಕೇಳ್ಮೆಯಲ್ಲಿ ಅಮ್ಮನ ಹೆಸರಿನಿಂದಲೇ ಹಾಗೆ ಬರೆದು, ಫೋನಿನ ಸದ್ದು ಅಡಗಿಸಿ, ದಾರದ ಉಂಡೆಗಳಿದ್ದ ಡ್ರಾಯರಿನಲ್ಲಿಟ್ಟಳು.

ಕೇಳ್ಮೆ ಎನ್ನುವುದು ಶಾಸ್ತ್ರೀಯ ಸಂಗೀತದವರು ಇಂಟರ್ನೆಟ್ಟಿನಲ್ಲಿ ಕೂಡಿ ಚರ್ಚೆ ಮಾಡುವ ತಾಣ. ಹಾಡುವವರು, ನುಡಿಸುವವರು, ಎರಡೂ ಬಾರದೆ ಬರೀ ಕೇಳುವವರು, ಎಲ್ಲರೂ ಅಲ್ಲಿದ್ದರು. ಅದನ್ನು ಶುರುಮಾಡಿ ಇಷ್ಟು ವರ್ಷ ನಡೆಸಿದವಳು ಅಜ್ಜನ ಹೆಂಡತಿ. ಅಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗೆ ಹಾಡಲು ಬರುತ್ತಿರಲಿಲ್ಲ. "ನನ್ನ ಗಂಟಲು ದೇವರು ಅರ್ಧಕ್ಕೆ ಬಿಟ್ಟ ಕೆಲಸ. ಕಿವಿ ಮಾತ್ರ ಪೂರ್ತಿ ಮಾಡಿದಾನೆ" ಎನ್ನುತ್ತಿದ್ದಳು. ಅಜ್ಜನಿಗೋ ಶ್ರುತಿಗೂ ಶೀತಕ್ಕೂ ವ್ಯತ್ಯಾಸ ತಿಳಿಯದು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಇವನು ರಟ್ಟು ಕೊಯ್ಯುತ್ತಿದ್ದ. "ಇವರ ಕತ್ತರಿಗೂ ಒಂದು ತಾಳ ಇದ್ದಿದ್ರೆ ನಾನು ಸ್ವರ್ಗದಲ್ಲಿರ್ತಿದ್ದೆ" ಎಂದು ಅವಳು ಮಗಳ ಹತ್ತಿರ ದೂರುವಳು.

ಕೇಳ್ಮೆಗೆ ಒಂದು ಕಟ್ಟಳೆ ಇತ್ತು. ಅಕ್ಕನ ಹೊರತು ಯಾರು ಏನು ಬರೆದರೂ ಅದು ಕೂಡಲೇ ಕಾಣಿಸುತ್ತಿರಲಿಲ್ಲ. ಒಂದು ರಾತ್ರಿ ಒಳಗೆ ಕಾದಿದ್ದು, ಬೆಳಗ್ಗೆ ಅಕ್ಕ ಗುಂಡಿ ಒತ್ತಿದ ಮೇಲೆ ಹೊರಗೆ ಬರುತ್ತಿತ್ತು. ಗೇಟು ತೆಗೆಯುವುದು ಎಂದರೆ ಅದೇ. ಮೊದಲು ಹೀಗಿರಲಿಲ್ಲ. ಒಮ್ಮೆ ಪಿಟೀಲಿನ ಹುಡುಗಿಯೊಬ್ಬಳು ತನ್ನ ಮೊದಲ ಕಚೇರಿ ಮುಗಿಸಿ, ಪಿಟೀಲನ್ನು ಪೆಟ್ಟಿಗೆಯೊಳಗೆ ಇಡುವ ಮೊದಲೇ ಕೇಳ್ಮೆಯಲ್ಲಿ ತನ್ನ ಬಗ್ಗೆ ಜನ ಬರೆದದ್ದನ್ನು ಓದಿದಳು. ಮತ್ತೆ ಒಂದು ವರ್ಷ ಅವಳು ಆ ಪೆಟ್ಟಿಗೆ ತೆರೆಯಲಿಲ್ಲ. ಅಕ್ಕ ಫೋನಿನ ಮೇಲೆ ಫೋನು ಮಾಡಿ, ಗದರಿಸಿ, ಗೋಗರೆದು ಅವಳ ಕೈಗೆ ಮತ್ತೆ ಕಮಾನು ಹಿಡಿಸಿದಳು. ಅಂದಿನಿಂದ ಈ ಕಟ್ಟಳೆ.

ದೇಹವನ್ನು ಮಣ್ಣಿಗೆ ಒಪ್ಪಿಸಿ ಬಂದ ಮಾರನೆಯ ದಿನ ಅಜ್ಜ ಡ್ರಾಯರು ಎಳೆದು ಫೋನು ತೆಗೆದ. ಮಗಳು ಕೇಳ್ಮೆಯನ್ನು ತೋರಿಸಿದಳು. 'ಅಕ್ಕ ಇಲ್ಲ. ದೇವರು ಕರೆದುಕೊಂಡ' ಎಂಬ ಸಾಲು ಒಂದೇ ನಿಂತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ.

"ನೂರಾರು ಜನ ಇದಾರೆ ಅಂತಿದ್ಲು" ಎಂದ ಅಜ್ಜ. "ಒಂದು ನರಪಿಳ್ಳೆ ಅಯ್ಯೋ ಅನ್ನಲಿಲ್ಲವಲ್ಲ. ಸಾವಿನ ಮನೆ ಬಾಗಿಲಿಗೆ ಹಗೆಯವನೂ ಬಂದು ನಿಂತು ಹೋಗ್ತಾನೆ."

ಆ ಹೊತ್ತಿಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಹಲ್ಲಿನ ಡಾಕ್ಟರು. ಕೇಳ್ಮೆಯ ಹಳಬ, ಮಹಾ ಕೇಳುಗ, ಮಹಾ ಜಗಳಗಂಟ. ಹಗಲು ಹಲ್ಲು ಕೀಳುತ್ತಾನೆ, ಸಂಜೆ ಹಾಡುವವರ ಹಲ್ಲು ಉದುರಿಸುತ್ತಾನೆ ಎಂದು ಅಕ್ಕ ನಗುತ್ತಿದ್ದಳು.

"ಯಜಮಾನರೇ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಗೇಟು ತೆಗೀರಿ" ಎಂದರು ಡಾಕ್ಟರು. "ನಾವೆಲ್ಲ ಆವತ್ತಿಂದ ಹೊರಗೇ ನಿಂತಿದೀವಿ."

ಆಗ ಮಗಳಿಗೆ ಹೊಳೆಯಿತು. ಬಂದ ಸಂತಾಪಗಳೆಲ್ಲ ಅಕ್ಕನ ಕಟ್ಟಳೆಗೇ ಸಿಕ್ಕಿಕೊಂಡು, ಅಕ್ಕ ಬಂದು ಬಿಡಿಸುವಳೆಂದು ಒಳಗೆ ಕಾದು ಕೂತಿದ್ದವು. ಅವಳು ಅಪ್ಪನ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. ಅಜ್ಜ ಒತ್ತಿದ. ಸಾಲುಗಳು ಒಂದರ ಮೇಲೊಂದು ಬಿದ್ದವು. ಬೆರಳು ಸವೆಯುವಷ್ಟು ಸರಿಸಿದರೂ ಮುಗಿಯಲಿಲ್ಲ. 'ಅಕ್ಕ ಒಂದು ದಿನವೂ ನನ್ನನ್ನು ಹೊಗಳಲಿಲ್ಲ. ಇನ್ನು ಯಾರಿಗೋಸ್ಕರ ಹಾಡಲಿ' ಎಂದು ಒಬ್ಬ ಹಾಡುಗಾರ ಬರೆದಿದ್ದ. ಪಿಟೀಲಿನ ಹುಡುಗಿಯದು ಒಂದೇ ಸಾಲು: 'ಭಾನುವಾರ ಸಂಜೆ ಅಕ್ಕನಿಗಾಗಿ ನುಡಿಸುತ್ತೇನೆ, ಎಲ್ಲರೂ ಕೇಳಿ.' ಅಜ್ಜ ಕನ್ನಡಕ ಒರೆಸಿಕೊಂಡು ಪ್ರತಿಯೊಂದನ್ನೂ ಓದಿದ.

ಡಾಕ್ಟರು ಆಮೇಲೆ ಮತ್ತೆ ಫೋನು ಮಾಡಿದರು. "ನಿಮಗ್ಯಾಕೆ ಈ ತಲೆನೋವು? ಗೇಟಿನ ಕೀಲಿ, ಅದೇ ಅಕ್ಕನ ಪಾಸ್‌ವರ್ಡು, ನನಗೆ ಕೊಟ್ಟುಬಿಡಿ. ಕೇಳ್ಮೆ ನಾನು ನೋಡ್ಕೋತೀನಿ. ಈ ಒಂದು ರಾತ್ರಿಯ ದಿಗ್ಬಂಧನ ಮಾತ್ರ ತೆಗೆದುಹಾಕ್ತೀನಿ. ಕೇಳಿದ್ದನ್ನ ಕೇಳಿದ ಗಳಿಗೆಯಲ್ಲಿ ಹೇಳೋಕೂ ಬಿಡದಿದ್ರೆ ಕೇಳುಗ ಯಾಕಿರ್ಬೇಕು?"

"ನನಗೇನು ತಿಳಿಯುತ್ತೆ ಸ್ವಾಮಿ. ನೀವು ಬಲ್ಲವರು" ಎಂದ ಅಜ್ಜ. "ಭಾನುವಾರ ಒಂದು ಕಳೀಲಿ, ಕೊಡ್ತೀನಿ."

ಭಾನುವಾರ ಮಧ್ಯಾಹ್ನ ಅಜ್ಜ ಹೆಂಡತಿಯ ಪ್ರಾರ್ಥನೆಯ ಪುಸ್ತಕವನ್ನು ಕೆಳಗೆ ತಂದ. ಬೆನ್ನು ಮುರಿದು, ಹಾಳೆಗಳು ಕಳಚಿ, ರಬ್ಬರು ಬ್ಯಾಂಡು ಹಾಕಿಕೊಂಡು ಎಷ್ಟೋ ವರ್ಷದಿಂದ ಹಾಗೇ ಇತ್ತು. ನಾಳೆ ಮಾಡಿಕೊಡುತ್ತೇನೆ ಎನ್ನುತ್ತಲೇ ಬಂದಿದ್ದ. "ಊರಿನವರ ಪುಸ್ತಕಕ್ಕೆಲ್ಲ ಅಂಗಿ ತೊಡಿಸ್ತೀರಿ, ನನ್ನ ದೇವರು ಮಾತ್ರ ಬರೀ ಮೈಯಲ್ಲಿ" ಎಂದು ಅವಳು ಅಂದದ್ದು ಒಂದೆರಡು ಸಲವಲ್ಲ. ಅಜ್ಜ ಹಾಳೆಗಳನ್ನು ಜೋಡಿಸಿ, ದಾರಕ್ಕೆ ಮೇಣ ಸವರಿ, ಹೊಲಿಯುತ್ತ ಹೋದ. ಬೆನ್ನಿಗೆ ಅಂಟು ಹಚ್ಚುವ ಹೊತ್ತಿಗೆ ಸಂಜೆಯಾಯಿತು. ಮಗಳು ಬಂದು ಫೋನನ್ನು ಅಂಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು.

ಫೋನಿನ ನೇರಪ್ರಸಾರದಲ್ಲಿ ಪಿಟೀಲಿನ ಹುಡುಗಿ ತನ್ನ ಮನೆಯ ಕೋಣೆಯಲ್ಲಿ ಕೂತಿದ್ದಳು. ಹಿಂದೆ ಮಡಚಿಟ್ಟ ಹಾಸಿಗೆ, ಗೋಡೆಗೆ ಒಂದು ಗಡಿಯಾರ. ನಮಸ್ಕಾರವನ್ನೂ ಹೇಳದೆ ಕಮಾನು ಎತ್ತಿದಳು. ಮೊದಲು ನೀಳವಾಗಿ ಎಳೆದಳು. ಅಜ್ಜ ಅಂಟಿನ ಕುಂಚ ಹಿಡಿದೇ ಕೇಳುತ್ತಿದ್ದ. ಆಮೇಲೆ ಏನೋ ಅವಸರವಾಯಿತು. ಓಡಿದಳು, ಎಡವಿದಳು, ನಿಂತಳು. ತಂತಿ ಬಿಗಿದು ಮತ್ತೆ ಶುರುಮಾಡಿದಳು. ಎಲ್ಲೋ ಒಂದು ಕಡೆ ದನಿ ಜಾರುತ್ತಿರುವುದು ಅಜ್ಜನ ಕಿವಿಗೂ ತಿಳಿಯಿತು. ಕೊನೆಗೆ ಕಮಾನು ತಂತಿಯ ಮೇಲೇ ನಿಂತುಬಿಟ್ಟಿತು. ಹುಡುಗಿ ತಲೆ ತಗ್ಗಿಸಿದಳು. ಚಿತ್ರ ಆರಿಹೋಯಿತು.

"ಪಾಪ" ಎಂದಳು ಮಗಳು. "ಈಗ ಅವಳು ಫೋನು ಕೈಯಲ್ಲಿ ಹಿಡ್ಕೊಂಡು ಕೂತಿರ್ತಾಳೆ, ಜನ ಏನಂತಾರೋ ಅಂತ."

ಗೇಟಿನ ಒಳಗೆ ಮಾತು ಬಂದು ಬಂದು ಸೇರಿಕೊಳ್ಳುತ್ತಿತ್ತು. ಮಗಳು ಓದುತ್ತ ಒಂದರಲ್ಲಿ ನಿಂತಳು. ಡಾಕ್ಟರದು. ಮೊದಲ ಪ್ಯಾರಾದಲ್ಲಿ ಮೂರನೆಯ ತಂತಿ ಇಳಿದದ್ದು, ಲಯ ಓಡಿದ್ದು. ಎರಡನೆಯ ಪ್ಯಾರಾವನ್ನು ಅವಳು ದನಿ ತಗ್ಗಿಸಿ ಓದಿದಳು: 'ಅಕ್ಕನ ಹೆಸರು ಹೇಳಿ ಇಂಥದ್ದನ್ನು ನುಡಿಸಿದ್ದು ಅಕ್ಕನಿಗೆ ಮಾಡಿದ ಅವಮಾನ. ಈಕೆ ಅಂದು ಬಿಟ್ಟವಳು ಬಿಟ್ಟೇ ಇದ್ದಿದ್ದರೆ ಎಲ್ಲರಿಗೂ ಕ್ಷೇಮವಿತ್ತು.'

ಅಜ್ಜ ಕುಂಚವನ್ನು ನೀರಿಗೆ ಹಾಕಿದ. ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು, ಮೂಲೆಯಲ್ಲಿದ್ದ ಚಪ್ಪಟೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿಟ್ಟ. ಅಷ್ಟರಲ್ಲಿ ಡಾಕ್ಟರು ಫೋನು ಮಾಡಿದರು. ಅವರ ದನಿ ಒಡೆದಿತ್ತು.

"ಕೇಳಿದ್ರಾ? ಅಕ್ಕನಿಗೆ ಇದಾ ಮರ್ಯಾದೆ? ಗೇಟು ಈಗಲೇ ತೆಗೀರಿ. ಬಿಸಿಯಿದ್ದಾಗಲೇ ಹೇಳ್ಬೇಕು ಇದನ್ನ. ಹೇಗೂ ನಾಳೆಯಿಂದ ಕೀಲಿ ನನ್ನ ಕೈಗೆ ಬರುತ್ತಲ್ಲ."

"ಬೆಳಗ್ಗೆ ತೆಗೀತೀನಿ."

"ಇವತ್ತೊಂದು ದಿನ, ಯಜಮಾನರೇ."

"ಬೆಳಗ್ಗೆ ತೆಗೀತೀನಿ ಅಂದ್ನಲ್ಲ."

"ಎಲ್ಲಾ ನಿಮ್ಮಿಂದಲೇ ಬಂದದ್ದು" ಎಂದರು ಡಾಕ್ಟರು ಸಿಟ್ಟಿನಲ್ಲಿ. "ನಮ್ಮ ಹಣೆಬರಹ. ಅಕ್ಕ ಈ ಕಟ್ಟಳೆ ತಂದಾಗ ನಾನು ಜಗಳ ಆಡಿದ್ದೆ. ಏನಂದ್ರು ಗೊತ್ತಾ? 'ನಮ್ಮನೆಯವರು ಪುಸ್ತಕಕ್ಕೆ ಅಂಟು ಹಚ್ಚಿ ಕಲ್ಲಿನ ಕೆಳಗಿಟ್ರೆ ಒಂದು ರಾತ್ರಿ ಯಾರನ್ನೂ ಮುಟ್ಟೋಕೆ ಬಿಡಲ್ಲ. ಹಸಿ ಅಂಟಲ್ಲಿ ತೆರೆದ್ರೆ ಪುಸ್ತಕ ಆಜನ್ಮ ಸೊಟ್ಟ ಆಗುತ್ತೆ ಅಂತಾರೆ. ಹಾಡಿದವರೂ ಹಾಗೇ, ಕೇಳಿದವರೂ ಹಾಗೇ' ಅಂದ್ರು. ನಾವೇನು ನಿಮ್ಮ ಅಂಗಡಿ ಪುಸ್ತಕಗಳಾ?"

ಅಜ್ಜನ ಕಣ್ಣು ಕೋಣೆಯ ಬಾಗಿಲಿಗೆ ಹೋಯಿತು. ಹೆಂಡತಿ ಅಲ್ಲಿ ನಿಂತು ಮೂಗಿಗೆ ಸೆರಗು ಹಿಡಿದುಕೊಂಡು, ಈ ಅಂಟಿನ ವಾಸನೆಯಲ್ಲಿ ಅದು ಹೇಗೆ ಬದುಕ್ತೀರೋ ಎನ್ನುತ್ತಿದ್ದಳು. ಹೊಸ್ತಿಲು ದಾಟಿ ಒಳಗೆ ಬಂದದ್ದೇ ಅಪರೂಪ. ಅಲ್ಲಿಂದ ಅವಳು ಇವನ ಕೈಯನ್ನು ಇಷ್ಟು ನೋಡಿದ್ದಳೆಂದು ಇವನಿಗೆ ತಿಳಿದಿರಲಿಲ್ಲ.

"ಯಜಮಾನರೇ? ಇದೀರಾ?"

"ಇದೀನಿ" ಎಂದ ಅಜ್ಜ. "ಡಾಕ್ಟರೇ, ಕೀಲಿ ನಾನು ಕೊಡಲ್ಲ."

"ಅಂದ್ರೆ? ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ತಪ್ಪಾಯ್ತು, ವಾಪಸು ತಗೋತೀನಿ. ಕಿವಿ ನಿಮ್ಮದಿರಲಿ, ಗೇಟು ನನ್ನ ಹತ್ತಿರ ಇರಲಿ. ಸಂಗೀತ ನನಗೆ ತಿಳಿಯಲ್ಲ, ಆದ್ರೆ ಬೆಳಗಾಗೋವರೆಗೆ ಕಾಯೋದು ತಿಳಿಯುತ್ತೆ."

"ಜನ ಬಿಟ್ಟುಹೋಗ್ತಾರೆ."

"ಹೋಗೋರಿಗೆ ಬಾಗಿಲು ತೆಗೆದೇ ಇದೆ. ನೀವು ಹೋಗಲ್ಲ, ನನಗೆ ಗೊತ್ತು."

ಡಾಕ್ಟರು ಫೋನು ಇಟ್ಟುಬಿಟ್ಟರು. ಮಗಳು ಮೆಲ್ಲಗೆ ಹೇಳಿದಳು: "ಅಪ್ಪ, ಆ ಎರಡನೇ ಪ್ಯಾರಾ ಅಳಿಸಿಬಿಡೋಣ. ನಮ್ಮ ಕೈಯಲ್ಲೇ ಇದೆಯಲ್ಲ."

"ಅಮ್ಮ ಅಳಿಸ್ತಿದ್ಲಾ?"

"ಇಲ್ಲ. ಒಂದು ಸಲವೂ ಇಲ್ಲ. ಬೆಳಗ್ಗೆ ಗೇಟು ತೆಗೆಯೋ ಮುಂಚೆ ಬರೆದವರಿಗೆ ಫೋನು ಮಾಡೋಳು ಅಷ್ಟೇ. ರಾತ್ರಿ ನಿದ್ದೆ ಬಂತಾ ಅಂತ ಕೇಳೋಳು."

"ಹಾಗಾದ್ರೆ ನಾವೂ ಅಳಿಸೋದು ಬೇಡ" ಎಂದ ಅಜ್ಜ. ದೀಪ ಆರಿಸಿ ಮಗಳ ಹಿಂದೆ ಮಹಡಿ ಹತ್ತಿದ.

ಬೆಳಗ್ಗೆ ಬೀದಿಯ ಅಂಗಡಿಗಳು ಇನ್ನೂ ಬಾಗಿಲು ಎತ್ತಿರಲಿಲ್ಲ. ಅಜ್ಜ ಕೆಳಗೆ ಬಂದು ಕಿಟಕಿ ತೆರೆದ. ಮೊದಲು ಕಲ್ಲಿನ ಹತ್ತಿರ ಹೋಗಲಿಲ್ಲ. ಡಾಕ್ಟರಿಗೆ ಫೋನು ಮಾಡಿದ.

"ರಾತ್ರಿ ನಿದ್ದೆ ಬಂತಾ, ಡಾಕ್ಟರೇ?"

ಆ ಕಡೆ ಮೂಗು ಸೀಟಿಕೊಂಡ ಸದ್ದು ಕೇಳಿತು.

"ಇಲ್ಲ" ಎಂದರು ಡಾಕ್ಟರು. "ಅಕ್ಕ ಹೀಗೇ ಕೇಳೋರು. ಅದೇ ದನಿ ಬಂದ ಹಾಗಾಯ್ತು."

"ನಿಮ್ಮದು ಇಲ್ಲೇ ಇದೆ. ಇನ್ನೊಂದು ಸಲ ಓದ್ಕೊಳ್ಳಿ. ಹಾಗೇ ಬಿಡಿ ಅಂದ್ರೆ ಹಾಗೇ ಬಿಡ್ತೀನಿ."

"ಎರಡನೇ ಪ್ಯಾರಾ ತೆಗೆದುಬಿಡಿ."

"ನಾನು ಮುಟ್ಟೋ ಹಾಗಿಲ್ಲ. ನೀವೇ ತೆಗೀಬೇಕು."

"ತೆಗೀತೀನಿ. ಮೊದಲನೇದು ಇರುತ್ತೆ. ಮೂರನೇ ತಂತಿ ಇಳಿದಿತ್ತು, ಅದು ಸತ್ಯ."

"ಸತ್ಯ ಅಂದ್ಮೇಲೆ ಇರಲಿ."

ಅಜ್ಜ ಕಾದ. ಮಗಳು ಕಾಫಿ ತಂದಿಟ್ಟು, ಫೋನು ನೋಡಿ, ಎರಡನೇ ಪ್ಯಾರಾ ಹೋಯಿತೆಂದು ತಲೆಯಾಡಿಸಿದಳು. ಅಜ್ಜ ಗೇಟು ತೆಗೆದ. ಡಾಕ್ಟರ ನಾಲ್ಕು ಸಾಲು ಮಿಕ್ಕವರ ಮಾತುಗಳ ನಡುವೆ ಹೋಗಿ ಕೂತಿತು. ಕಾಫಿ ಆರುವುದರೊಳಗೆ ಗೇಟಿನ ಒಳಗೆ ಹೊಸದೊಂದು ಬಂದು ನಿಂತಿತು. ಹುಡುಗಿಯದು. 'ಮೂರನೆಯ ತಂತಿ ನಿಜ, ಡಾಕ್ಟರೇ. ಹೊಸದು ಹಾಕಿದ್ದೇನೆ. ಮುಂದಿನ ಭಾನುವಾರ ಮತ್ತೆ ಕೇಳಿ.'

"ಇದನ್ನ ಈಗಲೇ ಬಿಡೋಣ್ವಾ ಅಪ್ಪ?" ಎಂದಳು ಮಗಳು. ಅವಳ ಮುಖ ಅರಳಿತ್ತು. "ಒಳ್ಳೇ ಮಾತಲ್ವಾ."

"ಒಳ್ಳೇ ಮಾತೂ ಒಂದು ರಾತ್ರಿ ಇರಲಿ. ನಾಳೆ ಬಿಡೋಣ."

ಮಗಳು ನಕ್ಕು ಮೇಲೆ ಹೋದಳು. ಅಜ್ಜ ಕಲ್ಲನ್ನು ಇಳಿಸಿದ. ಹಲಗೆ ಸರಿಸಿ ಪುಸ್ತಕವನ್ನು ಎತ್ತಿಕೊಂಡ. ಬೆನ್ನಿನ ಮೇಲೆ ಹೆಬ್ಬೆರಳು ಎಳೆದು ನೋಡಿದ. ಗಟ್ಟಿಯಾಗಿ ಕೂತಿತ್ತು, ನೆಟ್ಟಗಿತ್ತು. ನಡುವೆ ತೆರೆದಾಗ ಹಾಳೆಗಳು ಎರಡೂ ಕಡೆಗೆ ಸಮನಾಗಿ ಒರಗಿದವು. ಅವಳ ಬೆರಳು ತಾಗಿ ತಾಗಿ ಹಾಳೆಯ ಮೂಲೆಗಳು ಕಂದಿದ್ದವು. ಕಿಟಕಿಯ ಬೆಳಕು ಅದರ ಮೇಲೆ ಬೀಳುವ ಹಾಗೆ ಹಿಡಿದು ಅವನು ನಿಂತ. ಓದುವ ಕನ್ನಡಕ ಮಹಡಿಯಲ್ಲೇ ಉಳಿದಿತ್ತು. ಕಣ್ಣು ಮುಚ್ಚಿದ.

"ದೇವರೇ, ಅವಳನ್ನ ನಿನ್ನ ಹತ್ತಿರ ಕೂರಿಸ್ಕೋ. ಇಲ್ಲಿ ಬೇಕಾದಷ್ಟು ಎದ್ದು ಓಡಾಡಿದಾಳೆ, ಇನ್ನು ನೆಮ್ಮದಿಯಾಗಿರಲಿ. ನಿನ್ನ ಮನೆಯಲ್ಲಿ ಯಾರಾದ್ರೂ ಹಾಡ್ತಿದ್ರೆ ಕೇಳಿಸು. ಹಾಡು ಮುಗಿದ ಮೇಲೆ ಅವಳು ಏನೂ ಹೇಳಲಿಲ್ಲ ಅಂತ ಬೇಜಾರು ಮಾಡ್ಕೋಬೇಡ, ಬೆಳಗ್ಗೆ ಹೇಳ್ತಾಳೆ. ಅವಳಿಗೆ ಶಾಂತಿ ಕೊಡು, ಸ್ವಾಮಿ. ಶಾಂತಿ ಕೊಡು."