ಲಸಿಕೆ ಕುಡಿದ ಬಿಳಿ ಇಲಿ

ನಾನು ಒಂದು ಬಿಳಿ ಇಲಿ. ಧಾರವಾಡದ ಕಡೆಯ ಒಂದು ಪ್ರಯೋಗಾಲಯದ ಪ್ರಾಣಿಮನೆಯಲ್ಲಿ, ಮರದ ಹೊಟ್ಟಿನ ಹಾಸಿಗೆಯ ಮೇಲೆ, ಒಂಬತ್ತು ಮಂದಿ ಒಡಹುಟ್ಟಿದವರೊಂದಿಗೆ ಹುಟ್ಟಿದೆ. ಬಿಸಿಲನ್ನು ಕಂಡವಳಲ್ಲ. ಕಣ್ಣು ತೆರೆದಾಗ ಮೊದಲು ಕಂಡದ್ದು ದ್ಯಾಮಣ್ಣನ ಅಗಲವಾದ ಅಂಗೈ. ನಮಗೆ ಕಾಳು ನೀರು ಹಾಕಿ, ಪಂಜರ ತೊಳೆಯುವವನು ಅವನೇ.

ಆರು ವಾರ ತುಂಬಿದಾಗ ನಮ್ಮನ್ನು ನಾಗವೇಣಿ ಮೇಡಂ ಕೈಗೆ ಒಪ್ಪಿಸಿದರು. ಟೈಫಾಯ್ಡಿಗೆ ಬಾಯಿಂದ ಕುಡಿಸುವ ಹೊಸ ಲಸಿಕೆಯನ್ನು ಅವರು ಹುಡುಕುತ್ತಿದ್ದರು. ರೋಗಾಣುವಿನ ಬಲ ಕುಂದಿಸಿ ಅದನ್ನೇ ಕುಡಿಸುವುದು ಅವರ ಯೋಚನೆ. ಮೊದಲೆರಡು ಸಲ ಅದರ ಬಲ ಸಾಕಷ್ಟು ಕುಂದಿರಲಿಲ್ಲ. ಲಸಿಕೆಯಿಂದಲೇ ಇಲಿಗಳು ಸತ್ತವು. ಮೂರನೆಯ ಸಲಕ್ಕೆ ನಾವು.

"ಇದೂ ಕೆಟ್ರ ಕೆಲಸಾನ ನಿಲ್ಲಸ್ತಾರ, ದ್ಯಾಮಣ್ಣ," ಎಂದರು ಮೇಡಂ.

ದ್ಯಾಮಣ್ಣ ನಮ್ಮ ನೀರಿನ ಬಾಟಲಿ ತುಂಬಿಸಿದ. ಹಿಂದಿನ ವರ್ಷ ಅವನ ಮಗಳು ಶಾಂತವ್ವ ಅದೇ ಕಾಯಿಲೆಯಲ್ಲಿ, ಯಾವ ಮಾತ್ರೆಗೂ ಜ್ವರ ಬಗ್ಗದೆ, ತೀರಿಹೋಗಿದ್ದಳು.

ತುದಿ ಉರುಟಾದ ಬಾಗಿದ ಸೂಜಿಯಿಂದ ನನ್ನ ಗಂಟಲಿಗೆ ಲಸಿಕೆ ಇಳಿಸಿದರು. ನನ್ನಂತೆ ಇನ್ನೂ ನಾಲ್ವರಿಗೆ. ಉಳಿದ ಐವರಿಗೆ ಬರೀ ಉಪ್ಪುನೀರು. ನನಗೆ ಅಂಟಿಕೊಂಡೇ ಮಲಗುತ್ತಿದ್ದ ತಂಗಿ ಉಪ್ಪುನೀರಿನ ಪಂಜರಕ್ಕೆ ಹೋದಳು. ನಾಲ್ಕು ವಾರ ಕಳೆದ ಮೇಲೆ ಎಲ್ಲರಿಗೂ ಬಲ ಕುಂದದ ಅಸಲಿ ರೋಗಾಣುವನ್ನು ಕುಡಿಸಿದರು.

ಐದನೆಯ ದಿನ ಪಕ್ಕದ ಪಂಜರ ಸದ್ದಡಗಿತು. ತಂಗಿ ಮೂಲೆಯಲ್ಲಿ ಮುದುಡಿ, ರೋಮ ನಿಗುರಿ, ಕಣ್ಣು ಅಂಟಿ ನಡುಗುತ್ತಿದ್ದಳು. ನಾನು ಪಂಜರದ ಗಾಜಿನಂಥ ಗೋಡೆಗೆ ಮೂತಿ ಒತ್ತಿದೆ. ಅವಳಿಗೆ ನನ್ನ ವಾಸನೆಯೂ ತಲುಪಲಿಲ್ಲ.

"ಅಕ್ಕಾರ, ಇದಕ್ಕರ ಒಂದ್ ಹನಿ ಔಷಧ ಹಾಕ್ರಿ," ಎಂದ ದ್ಯಾಮಣ್ಣ. "ಕಣ್ಣಿಲೆ ನೋಡಾಕ ಆಗವಲ್ದು."

"ಹಾಕಿದ್ರ, ಲಸಿಕೆ ಇಲ್ದವು ಏನಾದ್ವು ಅಂತ ನಾ ಹೆಂಗ ಹೇಳ್ಲಿ? ಎಲ್ಲಾ ದಂಡ ಆಗ್ತದ."

"ನನ್ನ ಶಾಂತವ್ವನೂ ಹಿಂಗ ನಡಗತಿದ್ಲರಿ."

ಇನ್ನು ನರಳಿಸಬಾರದೆಂದು ಮೇಡಂ ತಂಗಿಯನ್ನು ನಿದ್ದೆ ಬರಿಸುವ ಗಾಳಿಯ ಪೆಟ್ಟಿಗೆಯಲ್ಲಿಟ್ಟರು. ಅವಳು ಮತ್ತೆ ಏಳಲಿಲ್ಲ.

ಉಪ್ಪುನೀರಿನ ಐವರೂ ಹೋದರು. ಲಸಿಕೆ ಕುಡಿದವರಲ್ಲಿ ನಾಲ್ವರು ಬದುಕಿದೆವು. ಲಸಿಕೆ ಫಲಿಸಿತೆಂದು ಮೇಡಂ ಕುರ್ಚಿಯಲ್ಲಿ ಕುಸಿದು ಅತ್ತರು. ದ್ಯಾಮಣ್ಣ ನನಗೊಂದು ಸೂರ್ಯಕಾಂತಿ ಬೀಜ ಕೊಟ್ಟ. ಕಷ್ಟ ಮುಗಿಯಿತೆಂದುಕೊಂಡೆ.

ಇವತ್ತು ಬೆಳಿಗ್ಗೆ ಆ ಗಾಳಿಯ ಪೆಟ್ಟಿಗೆಯನ್ನು ನಮ್ಮ ಮುಂದೆ ತಂದಿಟ್ಟಿದ್ದಾರೆ. ರೋಗಾಣು ನಮ್ಮ ಮೈಯೊಳಗೆ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದು ಕೊಯ್ದು ನೋಡದೆ ತಿಳಿಯುವುದಿಲ್ಲವಂತೆ. ಮೂವರು ಆಗಲೇ ಹೋದರು. ನಾನು ನಾಲ್ಕೂ ಕಾಲಿನಿಂದ ಪಂಜರದ ಮುಚ್ಚಳದ ತಂತಿ ಹಿಡಿದು ಜೋತುಬಿದ್ದಿದ್ದೇನೆ. ನನ್ನಿಂದ ಎಷ್ಟು ಮಕ್ಕಳ ಜೀವ ಉಳಿದೀತು ಎಂದು ಯೋಚಿಸಲು ನೋಡುತ್ತೇನೆ; ಆಗುತ್ತಿಲ್ಲ. ಬದುಕಬೇಕು ಎನ್ನುವುದೊಂದೇ ತಲೆಯಲ್ಲಿದೆ.

ದ್ಯಾಮಣ್ಣ ನನ್ನ ಉಗುರುಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸುತ್ತಿದ್ದಾನೆ.

"ಬಿಡವ್ವಾ... ನನ್ನವ್ವ, ಬಿಡು," ಎನ್ನುತ್ತಿದ್ದಾನೆ.

ಹಿಂದಿನ ಎಡಗಾಲಿನ ಹಿಡಿತವನ್ನು ನಾನು ಇನ್ನೂ ಬಿಟ್ಟಿಲ್ಲ.