ಒಮ್ಮೆಗೆ ಇಬ್ಬರು ಮಾತ್ರ

"ಇಳೀರೋ ಕೆಳಗೆ! ಒಂದು ಸಲಕ್ಕೆ ಇಬ್ಬರೇ ಅಂತ ಬೋರ್ಡು ಕಾಣಲ್ವಾ?"

ಗಂಡನ ಶವದ ಪಕ್ಕ ಕೂತು ಬಿಕ್ಕುತ್ತಿದ್ದವಳು ಎದ್ದು ಅಂಗಳಕ್ಕೆ ಓಡಿಬಂದು ಕೂಗಿದ ಅಬ್ಬರಕ್ಕೆ, ಕುರ್ಚಿ ಹೊತ್ತು ಕಬ್ಬಿಣದ ಮೆಟ್ಟಿಲೇರುತ್ತಿದ್ದ ಮೂವರೂ ನಿಂತಲ್ಲೇ ಕಲ್ಲಾದರು. ಮೈದುನನ ಮಕ್ಕಳು, ಒಬ್ಬೊಬ್ಬರೂ ಆನೆಯಂಥವರು.

"ಒಳಗೆ ಕಾಲಿಡೋಕೂ ಜಾಗ ಇಲ್ಲ ದೊಡ್ಡಮ್ಮ. ವಯಸ್ಸಾದವರನ್ನ ಬಾಲ್ಕನೀಲಿ ಕೂರಿಸೋಣ ಅಂತ..."

"ದೊಡ್ಡಪ್ಪ ಹೋದ ದಿನವೇ ಅವರ ಮಾತು ಮೀರ್ತೀರೇನ್ರೋ? ಇವತ್ತಿಗೆ ಒಂದು ಹೆಣ ಸಾಲದಾ?"

ಗಂಡನ ಅಕ್ಕ ಮೂಗು ಮುರಿದಳು. ಎಂಬತ್ತು ದಾಟಿದ್ದರೂ ಆಕೆಯ ನಾಲಿಗೆಗೆ ವಯಸ್ಸಾಗಿರಲಿಲ್ಲ. "ನಲವತ್ತು ವರ್ಷದಿಂದ ಇದೇ ಕತೆ ಕಣೇ. ಸಂಜೆ ಒಂದಿಷ್ಟು ಗಾಳಿಗೆ ಕೂರೋಣ ಅಂದ್ರೆ ಯಾವಾಗ ನೋಡಿದರೂ ನೀವಿಬ್ಬರೇ ಮೇಲಿರ್ತಿದ್ರಿ."

"ನಾನೇನು ಮಾಡ್ಲಿ ಅತ್ತಿಗೆ? ಅವರು ಹಾಕಿದ ಲೆಕ್ಕ ಅದು."

ಆತ ಹಾಕಿದ ಲೆಕ್ಕಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ನೂರು, ನೂರೈವತ್ತು ವರ್ಷದ ಕಟ್ಟಡಗಳಲ್ಲಿನ ಎರಕದ ಕಬ್ಬಿಣದ ಕಂಬಗಳು ಇನ್ನೂ ಭಾರ ಹೊರುತ್ತವೋ ಇಲ್ಲವೋ ಎಂದು ಪರೀಕ್ಷಿಸುವುದೇ ಆತನ ಕೆಲಸವಾಗಿತ್ತು.

*

ಒಮ್ಮೆ ಅವಳು ಹಳೆಯ ಮಾರುಕಟ್ಟೆಗೆ ಗಂಡನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದಳು. ರಿಪೇರಿಯಾದ ಕಟ್ಟಡಕ್ಕೆ ಮರುದಿನವೇ ಉದ್ಘಾಟನೆ. ಮೇಲಧಿಕಾರಿ ಕೆಂಡವಾಗಿದ್ದ.

"ಹೊರಗಿಂದ ಗಟ್ಟಿಮುಟ್ಟಾಗಿದೆಯಲ್ರೀ! ಸಹಿ ಹಾಕೋಕೇನು ಕಷ್ಟ?"

"ಎರಕದ ಕಬ್ಬಿಣ ಸಾರ್. ಬಗ್ಗಿ ಎಚ್ಚರಿಕೆ ಕೊಡೋ ಜಾತಿ ಅಲ್ಲ, ಮುರಿದರೆ ಒಂದೇ ಸಲ. ಇನ್ನೆರಡು ಕಂಬ ನೋಡೋದಿದೆ."

ಒಂದೊಂದು ಕಂಬದ ಸುತ್ತಲೂ ಮೂರು ಸಣ್ಣ ತೂತು ಕೊರೆದು, ತುದಿ ಬಗ್ಗಿಸಿದ ತಂತಿ ತೂರಿಸಿ ದಪ್ಪ ಅಳೆದ. ಮೊದಲನೆಯದು ಸರಿಯಿತ್ತು. ಕೊನೆಯದರಲ್ಲಿ, ಎರಕ ಹೊಯ್ಯುವಾಗಲೇ ಒಳಗಿನ ಪೊಳ್ಳು ಪಕ್ಕಕ್ಕೆ ಜಾರಿ, ಒಂದು ಕಡೆ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ನಾಣ್ಯದಷ್ಟು ತೆಳು. ಉದ್ಘಾಟನೆ ಮುಂದಕ್ಕೆ ಹೋಯಿತು. ಇವಳು ಹೆಮ್ಮೆಯಿಂದ ಉಬ್ಬಿ, ಡಬ್ಬಿ ಕೊಡುವುದನ್ನೇ ಮರೆತು ಮನೆಗೆ ವಾಪಸ್ಸು ತಂದಿದ್ದಳು.

*

"ಅಮ್ಮಾ, ಅವರು ಹತ್ತಲಿ ಬಿಡಿ."

ಬಾಲ್ಕನಿ ಹೊತ್ತ ಕಂಬಕ್ಕೆ ಕೈಯಿಟ್ಟು ನಿಂತಿದ್ದವಳು ಆತನ ಶಿಷ್ಯೆ. ಈಗ ಆತನ ಕುರ್ಚಿಯಲ್ಲಿ ಕೂರುವ ಎಂಜಿನಿಯರು. ಅತ್ತು ಅತ್ತು ಕಣ್ಣು ಊದಿತ್ತು.

"ಮೂವತ್ತು ಜನ ನಿಂತರೂ ಇದಕ್ಕೇನೂ ಆಗಲ್ಲ."

"ನಿಂಗೆ ಹೇಗೆ ಗೊತ್ತು?"

"ಕೆಲಸಕ್ಕೆ ಸೇರಿದ ವರ್ಷ, ನೀವು ತವರಿಗೆ ಹೋಗಿದ್ದಾಗ, ಈ ನಾಲ್ಕೂ ಕಂಬಗಳನ್ನ ಸರ್ ನನ್ನ ಕೈಲೇ ಕೊರೆಸಿದ್ರು. ಲೆಕ್ಕ ಹಾಕಿ ಮೂವತ್ತು ಅಂದೆ. ಸರಿ ಅಂದ್ರು. ಮತ್ತೆ ಬೋರ್ಡಲ್ಲಿ ಇಬ್ಬರು ಅಂತ ಇದೆಯಲ್ಲ ಸರ್ ಅಂದೆ."

"ಅದಕ್ಕೆ?"

ಶಿಷ್ಯೆ ಸುತ್ತ ನೋಡಿ ದನಿ ತಗ್ಗಿಸಿದಳು. "'ಮನೇಲಿ ಹದಿನಾಲ್ಕು ಜನ ಇದ್ವಿ ಕಣಮ್ಮ. ಮದುವೆಯಾಗಿ ಮೂರು ತಿಂಗಳಾದ್ರೂ ಹೆಂಡತಿ ಜೊತೆ ನೆಟ್ಟಗೆ ನಾಲ್ಕು ಮಾತಾಡೋಕೆ ಆಗಿರಲಿಲ್ಲ' ಅಂದ್ರು. ಯಾರಿಗೂ ಹೇಳ್ಬೇಡ, ನನ್ನ ಸಹಿಗೆ ಬೆಲೆ ಹೋಗುತ್ತೆ ಅಂತಲೂ ಅಂದ್ರು."

ಆತನ ಹೆಂಡತಿ ಮೆಟ್ಟಿಲ ಮೇಲೆ ಕೂತಳು. ಪ್ರತಿ ಸಂಜೆ ಆ ಬಾಲ್ಕನಿಯಲ್ಲಿ ಜೀವ ಕೈಯಲ್ಲಿ ಹಿಡಿದು, ಗೋಡೆಗೆ ಅಂಟಿಕೊಂಡು ಕೂರುತ್ತಿದ್ದಳು. 'ಇನ್ನೂ ಇತ್ತ ಸರಿ, ಭಾರ ಗೋಡೆಯ ಕಡೆಗಿರಲಿ' ಎನ್ನುತ್ತಿದ್ದ. ಅವಳು ಸರಿಯುತ್ತಿದ್ದಳು, ಭುಜಕ್ಕೆ ಭುಜ ತಾಗುವವರೆಗೆ. ಅದನ್ನೂ ಎಂಜಿನಿಯರಿಂಗ್ ಎಂದೇ ನಂಬಿದ್ದಳು!

"ಕಳ್ಳ!" ಎಂದಳು. ಕಣ್ಣಲ್ಲಿ ನೀರಿರುವಾಗಲೇ ನಗು ಉಕ್ಕಿತು. ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ನುಗ್ಗಿತು. ಒಳಗಿದ್ದವರು ಗಾಬರಿಯಾಗಿ ಬಾಗಿಲಿಗೆ ಬಂದರು.

"ನನ್ನ ತಮ್ಮ ಸುಳ್ಳೇ ಹೇಳಲ್ಲ ಅಂತ ಊರೆಲ್ಲ ಡಂಗುರ ಹೊಡ್ಕೊಂಡು ಬಂದೆನಲ್ಲೇ!" ಎಂದಳು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ. "ಏಯ್ ಆನೆಗಳಾ, ಕೈ ಕೊಡ್ರೋ. ಮೊದಲು ನಾನು ಹತ್ತಬೇಕು."

ಹತ್ತಿದರು. ಐದು, ಎಂಟು, ಹನ್ನೊಂದು ಜನ. ಅತ್ತಿಗೆ ಕುರ್ಚಿಯಲ್ಲಿ ಮಹಾರಾಣಿಯಂತೆ ಕೂತು, "ಆಹಾ, ಎಂಥ ಗಾಳಿ! ಇದನ್ನ ಇಬ್ಬರೇ ತಿಂದ್ರಲ್ಲೇ," ಎಂದು ಗೊಣಗಿದಳು.

ಹನ್ನೆರಡನೆಯವಳಾಗಿ ಆಕೆ ಬಂದಳು. ರೂಢಿಯಂತೆ ಗೋಡೆಯ ಕಡೆ ಹೋದವಳು ತಡೆದು, ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಅಂಚಿನ ಕಟಾಂಜನದವರೆಗೂ ನಡೆದಳು. ಎರಡೂ ಕೈಯೂರಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಕಿರ್ರೆನ್ನಲೂ ಇಲ್ಲ. ಅಲ್ಲಿಂದ ಬೀದಿಯ ಕೊನೆಯ ತಿರುವಿನವರೆಗೂ ಕಾಣುತ್ತಿತ್ತು. ಶವ ಒಯ್ಯಲು ಬಂದ ವ್ಯಾನು ತಿರುವಿನಲ್ಲಿ ನಿಧಾನ ಮಾಡಿದ್ದು ಎಲ್ಲರಿಗಿಂತ ಮೊದಲು ಅವಳ ಕಣ್ಣಿಗೇ ಬಿತ್ತು.