ಎಣ್ಣೆ ಡಬ್ಬಿಗೆ ಹೇಳಿದ ಮಾತು

ಎಡಗಾಲು ಹೇಗೋ ಮಡಚಿಕೊಂಡಿತು, ಬಲಗಾಲು ಒಪ್ಪಲಿಲ್ಲ. ಗುರುಬಸವ ಭಾವನ ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು ಒತ್ತಿದ. ಅದು ಒಂದಿಷ್ಟು ತಗ್ಗಿ ಅಲ್ಲಿಗೇ ನಿಂತಿತು.

"ಜಬರದಸ್ತಿ ಮಾಡಬ್ಯಾಡ್ರಿ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. "ಬಿಸಿನೀರಾಗ ಅರಿವಿ ಅದ್ದಿ ಕಾವು ಕೊಡ್ರಿ. ಜೀವ ಹೋದ ಕೂಡ್ಲೇ ಕೂಡಸಿದ್ರ ಈ ತ್ರಾಸೇ ಇರ್ತಿರಲಿಲ್ಲ."

"ಗೊತ್ತಾದ್ರಲ್ಲರಿ ಕೂಡಸೋದು!" ಎಂದ ಗುರುಬಸವ, ಅಕ್ಕನ ಕಡೆ ನೋಡಿದ.

ಆ ನೋಟದ ಅರ್ಥ ಶರಣಬಸಮ್ಮನಿಗೆ ತಿಳಿಯದೆ ಇರಲಿಲ್ಲ. ಗಂಡ ಸಿದ್ದರಾಮಪ್ಪ ಬೆಳಿಗ್ಗೆ ಚಹಾ ಕುಡಿದು ರೇಡಿಯೊ ಕೋಣೆಗೆ ಹೋದವನು ಕುರ್ಚಿಯಲ್ಲೇ, ಮೇಜಿನ ಕೆಳಗೆ ಬಲಗಾಲು ಚಾಚಿಕೊಂಡು ಪ್ರಾಣ ಬಿಟ್ಟಿದ್ದ. ಅವಳು ಬಾಗಿಲು ತೆಗೆದದ್ದು ಬಿಸಿಲು ನೆತ್ತಿಗೆ ಬಂದ ಮೇಲೆ. ಒಳಗೆ ಫ್ಯಾನು ಎಂದಿನಂತೆ ಭೋರಿಡುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಇವತ್ತು ರೇಡಿಯೊದ ಆ ಕಡೆಯವರು ಮಾತಾಡುತ್ತಿರಬೇಕು, ಈತ ಕೇಳುತ್ತಿರಬೇಕು ಎಂದುಕೊಂಡು ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.

ಲಿಂಗಾಯತರಲ್ಲಿ ಹೋದವರನ್ನು ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ವಿಭೂತಿ ಬಳಿದು, ಕಾಲು ಮಡಚಿಸಿ, ಕೂಡಿಸಿಯೇ ಮಣ್ಣಿಗೆ ಕೊಡಬೇಕು. ಬದುಕಿದ್ದಾಗ ಯಾರ ತಂಟೆಗೂ ಹೋಗದ ಸಿದ್ದರಾಮಪ್ಪ ಈಗ ಒಂದೇ ಕಾಲಿನ ಹಟ ಹಿಡಿದು ನಾಲ್ಕು ಜನರ ಬೆವರಿಳಿಸುತ್ತಿದ್ದ.

ಪಕ್ಕದ ಮನೆಯ ತೆಲುಗು ಹೆಂಗಸು ಒಂದಿಷ್ಟು ಚಹಾ ಕುಡಿಯಲೆಂದು ಲೋಟ ಹಿಡಿದು ಬಂದಳು. "ಕೊಂಚಂ ಟೀ ತಾಗಂಡಿ ಅಕ್ಕಾ." ಶರಣಬಸಮ್ಮ ಲೋಟವನ್ನು ಪಕ್ಕಕ್ಕಿಟ್ಟಳು. ಅವಳ ಕಣ್ಣು ಬಾಗಿಲ ಮೇಲಿತ್ತು. ಆಘಾತಕ್ಕೆ ಅಳು ಬತ್ತಿದೆ ಎಂದು ಬಂದವರು ಪಿಸುಗುಟ್ಟಿದರು. ಅವಳು ಕಾಯುತ್ತಿದ್ದಳು ಅಷ್ಟೇ. ಇಷ್ಟು ವರ್ಷ ಆ ಮುಚ್ಚಿದ ಕೋಣೆಯಿಂದ ತನ್ನ ಗಂಡ ಯಾರ ಜೊತೆ ಮಾತಾಡುತ್ತಿದ್ದನೋ ಆ ವ್ಯಕ್ತಿ ಇವತ್ತಾದರೂ ಬರಲೇಬೇಕು. ಮುಖ ನೋಡಬೇಕು. ಅದೊಂದು ಆದರೆ ಅಳುವುದಕ್ಕೆ ಬೇಕಾದಷ್ಟು ದಿನಗಳಿದ್ದವು.

*

ಸಿದ್ದರಾಮಪ್ಪನಿಗೆ ಉಗ್ಗು ಇತ್ತು. ಅದರಲ್ಲೂ ಬ, ಶ ಬಂದರೆ ಮುಗಿಯಿತು, ಕತ್ತಿನ ನರ ಉಬ್ಬಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ರೇಡಿಯೊ ಮಾಡುವ ಕೆಲಸ. ಅಲ್ಲಿ ಕೈ ಮಾತಾಡಿದರೆ ಸಾಕಿತ್ತು. ಮನೆಯಲ್ಲಿ ಶರಣಬಸಮ್ಮನಿದ್ದಳು. ಮದುವೆಯಾದ ಹೊಸತರಲ್ಲೇ ಅವಳು ಗಂಡನ ಅರ್ಧ ಮಾತನ್ನು ತಾನೇ ಮುಗಿಸಿಕೊಡುವುದನ್ನು ಕಲಿತಳು. ಗಂಡನ ಮೇಲಿನ ಮಮತೆ, ಕೇಳುವವರ ಮುಂದೆ ನಾಚಿಕೆ, ಎರಡೂ ಅದರಲ್ಲಿದ್ದವು.

ಮಲ್ಕಾಜ್‌ಗಿರಿಯ ಸಂತೆಯಲ್ಲಿ ಅವನು ಒಮ್ಮೆ "ಬ... ಬ..." ಎಂದು ನಿಂತ. "ಬದನಿಕಾಯಿ ಅಲ್ಲೇನ್ರಿ?" ಎಂದು ಅವಳು ತೂಗಿಸಿಕೊಂಡಳು. ಅವನು ತಲೆಯಾಡಿಸಿದ. ಅಂದಿನಿಂದ ವಾರಕ್ಕೆರಡು ಸಲ ಎಣ್ಣೆಗಾಯಿ. ರಾತ್ರಿಗೆ ಏನು ಮಾಡಲಿ ಎಂದು ಅವಳೇ ಕೇಳುವಳು, ರೊಟ್ಟಿನೇ ಇರಲಿ ಎಂದು ಅವಳೇ ಹೇಳುವಳು. ಕಡೆಕಡೆಗೆ ಅವನು ಮಾತು ಶುರುಮಾಡುವುದನ್ನೇ ಬಿಟ್ಟ. ಅವಳೂ ಕೇಳುವುದನ್ನು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ಒಳ್ಳೆಯ ಸಂಸಾರ ಎಂದು ನೆಂಟರು ಹೊಗಳುತ್ತಿದ್ದರು.

ಮಗಳು ರಶ್ಮಿ ಮದುವೆಯಾಗಿ ಹೋದ ಮೇಲೆ ಅವಳ ಕೋಣೆಗೆ ರೇಡಿಯೊ ಬಂತು. ಹವ್ಯಾಸಕ್ಕೆ ದೇಶವಿದೇಶದವರೊಡನೆ ರೇಡಿಯೊದಲ್ಲಿ ಮಾತಾಡುವ ಜನರಿದ್ದಾರೆ, ಹ್ಯಾಮ್‌ಗಳು ಎನ್ನುತ್ತಾರೆ. ಅವರ ಸಣ್ಣ ಯಂತ್ರದ ಕ್ಷೀಣ ದನಿಯನ್ನು ಸಮುದ್ರ ದಾಟುವಷ್ಟು ಬಲವಾಗಿಸುವ ಪೆಟ್ಟಿಗೆಯೇ ಆಂಪ್ಲಿಫೈಯರ್. ಹಳೆಯ ಗಾಜಿನ ವಾಲ್ವುಗಳ ಬದಲು ಬೆರಳುದ್ದದ ಟ್ರಾನ್ಸಿಸ್ಟರಿನಲ್ಲೇ ಅಷ್ಟು ಬಲ ಹುಟ್ಟಿಸುವ ಪೆಟ್ಟಿಗೆಗಳನ್ನು ಸಿದ್ದರಾಮಪ್ಪ ತಾನೇ ಲೆಕ್ಕ ಹಾಕಿ, ವಿನ್ಯಾಸ ಮಾಡಿ ಕಟ್ಟುತ್ತಿದ್ದ. ನಾಚಾರಂನಿಂದ ತಾಮ್ರದ ದಪ್ಪ ಹಲಗೆ ಕೊಯ್ಯಿಸಿ ತಂದು, ಅದರ ಮೇಲೆ ಟ್ರಾನ್ಸಿಸ್ಟರ್ ಬೆಸೆದು, ಕಾವು ಎಳೆಯಲು ದೊಡ್ಡ ಫ್ಯಾನು ಕೂಡಿಸುತ್ತಿದ್ದ.

ಒಂದು ಸಂಜೆ ಚಹಾ ಹಿಡಿದು ಬಾಗಿಲ ಬಳಿ ಹೋದ ಶರಣಬಸಮ್ಮ ಹಾಗೇ ನಿಂತಳು. ಫ್ಯಾನಿನ ಗದ್ದಲದಲ್ಲಿ ಪದಗಳು ತಿಳಿಯಲಿಲ್ಲ. ದನಿ ಮಾತ್ರ ಗಂಡನದೇ. ಒಂದು ಕಡೆಯೂ ತಡೆಯದೆ, ನಲ್ಲಿಯ ನೀರಿನಂತೆ ಸರಾಗವಾಗಿ ಹರಿಯುತ್ತಿತ್ತು.

ನನ್ನೆದುರು ಕಟ್ಟುವ ಬಾಯಿ ಯಾರೆದುರು ಹೀಗೆ ಬಿಚ್ಚಿಕೊಂಡಿತು? ಚಹಾ ತಿರುಗಿ ಅಡುಗೆಮನೆಗೆ ಹೋಯಿತು. ಅವಳು ಮತ್ತೆಂದೂ ಆ ಬಾಗಿಲು ತಟ್ಟಲಿಲ್ಲ.

*

ಬಲಗಾಲು ಅಂತೂ ಮಡಚಿತು. ಸಿದ್ದರಾಮಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ ಹಾರ ಹಾಕುವ ಹೊತ್ತಿಗೆ ಬೆಳ್ಳನೆ ಕೂದಲಿನ ಹೆಂಗಸೊಬ್ಬಳು ಒಳಬಂದಳು. ಜೊತೆಗೆ ದಪ್ಪ ಕನ್ನಡಕದ ಗಂಡಸು. ಆಕೆ ವೇದವತಿ, ಈತ ಮಿಲಿಂದ, ಇಬ್ಬರೂ ಅಪ್ಪನ ರೇಡಿಯೊ ಬಳಗದವರು ಎಂದು ರಶ್ಮಿ ಹೇಳಿದಳು.

ಹೆಂಗಸು! ಶರಣಬಸಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ವೇದವತಿ ಹೂವಿಟ್ಟು ಕೈಮುಗಿದು ಪಕ್ಕದಲ್ಲಿ ಕೂತದ್ದೇ ತಡ, ಕೇಳಿಯೇಬಿಟ್ಟಳು.

"ದಿನಾ ಆ ಕೋಣ್ಯಾಗಿಂದ ಅವರು ನಿಮ್ಮ ಜೋಡಿನೇ ಮಾತಾಡ್ತಿದ್ರೇನು?"

"ಅವ್ವಾ..." ಎಂದು ರಶ್ಮಿ ಕೈ ಹಿಡಿದಳು.

"ನನ್ನ ಜೊತೆಗಾ? ಇಲ್ಲಮ್ಮ," ವೇದವತಿಗೆ ಬೇಸರವಾಗಲಿಲ್ಲ, ಆಶ್ಚರ್ಯವಾಯಿತು. "ನಮ್ಮೆಲ್ಲರ ಮನೆಯಲ್ಲೂ ಅವರು ಕಟ್ಟಿದ ಆಂಪ್ಲಿಫೈಯರ್ ಇದೆ. ಆದರೆ ಅವರು ಒಂದು ದಿನವೂ ರೇಡಿಯೊದಲ್ಲಿ ಮಾತಾಡಲಿಲ್ಲ. ಎಷ್ಟು ಸಲ ಕರೆದಿದ್ದೀವಿ! ನಕ್ಕು ಕೈ ಆಡಿಸಿಬಿಡೋರು."

"ಸುಳ್ಳು. ನಾನು ಕಿವಿಯಾರೆ ಕೇಳೀನಿ."

"ನಿಮ್ಮ ಮಾಳಿಗೆ ಮೇಲೆ ಆಂಟೆನಾನೇ ಇಲ್ಲವಲ್ಲಮ್ಮ."

"ಮೊಬೈಲಿಗೆಲ್ಲೈತಿ ತಂತಿ? ಅದರಾಗ ಮಾತಾಡೋದಿಲ್ಲೇನು?"

ವೇದವತಿ ಎದ್ದು ಕೋಣೆಯ ಬಾಗಿಲಿಗೆ ಹೋಗಿ ಬೆರಳು ತೋರಿದಳು. ಪೆಟ್ಟಿಗೆಯಿಂದ ಹೊರಟ ಕಪ್ಪು ತಂತಿ ಗೋಡೆ ದಾಟದೆ, ಮೇಜಿನ ಕೆಳಗಿದ್ದ ತಗಡಿನ ಡಬ್ಬಿಯೊಂದಕ್ಕೆ ಹೋಗಿ ಮುಗಿದಿತ್ತು.

"ಡಮ್ಮಿ ಲೋಡ್ ಅಂತೀವಿ. ಒಳಗೆ ಎಣ್ಣೆ ಇರುತ್ತೆ. ಆಂಪ್ಲಿಫೈಯರ್ ಕಳಿಸಿದ್ದನ್ನ ಆ ಕಡೆ ಯಾರಾದರೂ ತಗೋಬೇಕು. ಇಲ್ಲದಿದ್ದರೆ ಅದು ತಿರುಗಿ ಬಂದು ಕಳಿಸಿದ ಟ್ರಾನ್ಸಿಸ್ಟರನ್ನೇ ಸುಟ್ಟುಬಿಡುತ್ತೆ. ಅದಕ್ಕೆ ಪರೀಕ್ಷೆ ಮಾಡುವಾಗ ಇದನ್ನ ಕಟ್ಟೋದು. ಎಲ್ಲಾ ನುಂಗಿ ಬಿಸಿಯಾಗುತ್ತೆ, ಹೊರಗೆ ಹೋಗಲ್ಲ. ಅವರು ಮಾತಾಡಿದ್ದರೆ ಅದಕ್ಕೇ ಮಾತಾಡಿರಬೇಕು."

ಶರಣಬಸಮ್ಮ ಡಬ್ಬಿಯನ್ನೇ ನೋಡುತ್ತ ನಿಂತಳು. ಸವತಿಯಿದ್ದಿದ್ದರೆ ಜುಟ್ಟು ಹಿಡಿದಾದರೂ ಜಗಳವಾಡಬಹುದಿತ್ತು. ಎಣ್ಣೆ ಡಬ್ಬಿಯ ಜೊತೆ ಏನಂತ ಜಗಳವಾಡುವುದು? ತನಗೆ ಹೇಳುವುದಕ್ಕಿಂತ ತಗಡಿಗೆ ಹೇಳುವುದು ಲೇಸೆನಿಸಿತ್ತೆ ಆತನಿಗೆ?

*

ಹೊರಗೆ ಟೆಂಪೋದ ಮೇಲೆ ಬಿದಿರು, ಹೂವಿನಿಂದ, ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟಿದ್ದರು. ಜೀವಮಾನವೆಲ್ಲ ವಿಮಾನಕ್ಕೆ ರೇಡಿಯೊ ಮಾಡಿದವನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಹತ್ತಿದ್ದು ಇದೇ ಮೊದಲು, ಇದೇ ಕೊನೆ. ಗುರುಬಸವ ಹೀಗೆಂದು ನಗಿಸಲು ನೋಡಿ ತಾನೇ ಅತ್ತುಬಿಟ್ಟ.

ಶರಣಬಸಮ್ಮ ಟೆಂಪೋದ ಸರಳು ಹಿಡಿದು ಹತ್ತಲು ಹೋದಾಗ ಮಿಲಿಂದ ಓಡಿಬಂದ. "ಎಡಗೈ ಊರಬ್ಯಾಡ್ರಿ ಅಮ್ಮಾ. ಭುಜ ಹಿಡೀತೈತಲ್ಲ ನಿಮಗ."

ಅವಳು ಕಾಲು ಕೆಳಗಿಟ್ಟಳು. ಭುಜದ ನೋವನ್ನು ಅವಳು ಮಗಳಿಗೂ ಹೇಳಿರಲಿಲ್ಲ.

"ನಿಮಗ ಯಾರು ಹೇಳಿದ್ರು?"

ಮಿಲಿಂದನ ಮುಖ ಕಪ್ಪಿಟ್ಟಿತು. ರೈಲ್ವೆಯಲ್ಲಿ ಸಿಗ್ನಲ್ ಕೆಲಸದವನು, ಹಿಂದಿನ ಗಲ್ಲಿಯಲ್ಲೇ ಮನೆ. ತಲೆ ತಗ್ಗಿಸಿ ಹೇಳಿದ. "ಡಬ್ಬಿ ಎಲ್ಲಾ ನುಂಗೂದಿಲ್ರಿ. ಇಷ್ಟು ದೊಡ್ಡ ಆಂಪ್ಲಿಫೈಯರ್ ಇದ್ರ ಅಷ್ಟಿಷ್ಟು ಸೋರತೈತಿ. ದೂರ ಹೋಗೂದಿಲ್ಲ, ಒಂದೆರಡು ಗಲ್ಲಿ. ನನ್ನ ರೇಡಿಯೊಕ್ಕ ಕೇಳಸ್ತಿತ್ತು. ಸೋರಾಕತ್ತೈತ್ರಿ ಅಂತ ಒಂದ್ ಫೋನ್ ಮಾಡಿದ್ರ ಸಾಕಿತ್ತು, ಬಿಗಿ ಮಾಡ್ತಿದ್ರು. ಆದ್ರ ಮತ್ತ ಮಾತಾಡ್ತಿರಲಿಲ್ಲ. ಅದಕ್ಕ ಹೇಳಲಿಲ್ರಿ. ಒಬ್ಬರ ಮನಿ ಮಾತು ಕೇಳೂದು ತಪ್ಪು, ಗೊತ್ತೈತಿ."

"ಏನಂತಿದ್ರು?"

"ನಿಮ್ಮ ಜೋಡಿನೇ ಮಾತಾಡ್ತಿದ್ರು. ಶರಣಾ, ಅಂತ ಶುರು ಮಾಡೋರು."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಆ ಹೆಸರು ಹಿಡಿದು ಕರೆದಿರಲಿಲ್ಲ. ಹೆಂಡತಿಯ ಹೆಸರು ಹಿಡಿಯುವ ರೂಢಿ ಇಲ್ಲದ್ದರಿಂದ ಆ ಶ ಅವನನ್ನು ತಡೆದದ್ದು ಯಾರಿಗೂ ಕಂಡಿರಲಿಲ್ಲ, ಅವಳಿಗೂ.

"ಶರಣಾ, ಇವತ್ತ ಪುಂಡಿಪಲ್ಯ ಭಾಳ ಚಲೋ ಆಗಿತ್ತು. ಶರಣಾ, ಭುಜ ನೋಯ್ತಿದ್ರೂ ಕೊಡ ಎತ್ತತಿ, ನಾ ಎತ್ತತೀನಿ ಬಿಡು. ಹಿಂಗ, ದಿನದ್ದೆಲ್ಲಾ."

"ತಡೀತಿತ್ತೇನು ನಾಲಿಗಿ? ಬ ಬಂದಾಗ?"

"ಒಂದ್ ಸಲನೂ ಇಲ್ರಿ. ಒಂದಿನ ನಗಾಕತ್ತಿದ್ರು. ಅವತ್ತ ಸಂತ್ಯಾಗ ನಾ ಕೇಳಿದ್ದು ಬೆಂಡಿಕಾಯಿ, ಅಂತ."

ಶರಣಬಸಮ್ಮನಿಗೆ ನಗು ಬಂದಂತಾಯಿತು. ಬಂದದ್ದು ಅಳು. ಸೆರಗು ಬಾಯಿಗೆ ಒತ್ತಿಕೊಂಡು, ರಸ್ತೆಯ ಜನರೆಲ್ಲ ನೋಡುತ್ತಿರುವಾಗ ಅವಳು ಕುಸಿದು ಕೂತಳು.

*

ರುದ್ರಭೂಮಿಯಲ್ಲಿ ಕುಣಿ ತೋಡಿ ಒಂದು ಬದಿಗೆ ಗೂಡು ಕೊರೆದಿದ್ದರು. ಸಿದ್ದರಾಮಪ್ಪನನ್ನು ಅದರೊಳಗೆ ಕೂಡಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಮುಖವೊಂದೇ ಕಾಣುತ್ತಿತ್ತು. ಅಯ್ಯನವರು ಮಂತ್ರ ಮುಗಿಸಿ ಹಿಡಿ ಮಣ್ಣು ತೆಗೆದುಕೊಂಡರು.

"ತಡೀರಿ," ಎಂದಳು ಶರಣಬಸಮ್ಮ.

ಕುಣಿಯ ಅಂಚಿಗೆ ಬಂದು, ಹೊಸ ಮಣ್ಣಿನ ಮೇಲೆಯೇ ಕೂತಳು. ಸೀರೆ ಸರಿಮಾಡಿಕೊಂಡಳು. ಅವಳ ದನಿ ಅಡುಗೆಮನೆಯಿಂದ ಮಾತಾಡಿದಷ್ಟೇ ಸಹಜವಾಗಿತ್ತು.

"ರಶ್ಮಿ ಮುಂಜಾನಿಂದ ಏನೂ ತಿಂದಿಲ್ರಿ. ಗುರುಬಸವ ನಿಮ್ಮ ಕಾಲು ಹಿಡಿದು ಭಾಳ ಒದ್ದಾಡಿದ, ನೋವಾಗಿದ್ರ ಸಿಟ್ಟಾಗಬ್ಯಾಡ್ರಿ. ರೇಡಿಯೊದವರು ಬಂದಿದ್ರು, ಚಲೋ ಮಂದಿ." ಸೆರಗಿಗೆ ಹತ್ತಿದ ಮಣ್ಣು ಕೊಡವಿದಳು. "ರಾತ್ರಿಗೆ ಏನ ಮಾಡ್ಲಿರಿ?"

ಟೆಂಪೋದವನು ಬೀಡಿ ಕೆಳಗಿಳಿಸಿದ. "ಅಕ್ಕಾ, ಹೊತ್ತು ಮುಳುಗತೈತಿ..." ಎಂದು ಗುರುಬಸವ ಬಾಯಿ ತೆರೆದ. ಅವಳು ಅವನ ಕಡೆ ನೋಡದೆ ಕೈಯೆತ್ತಿ ತಡೆದಳು. ಗಂಡನ ತುಟಿಯನ್ನೇ ನೋಡುತ್ತ, ಈ ಸಲ ಉತ್ತರವನ್ನು ತಾನೇ ಹೇಳದೆ, ಕೂತಳು. ಅಯ್ಯನವರ ಹಿಡಿಯಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು.